ಶಿಬಿರದಲ್ಲಿ ಮಗುವಿನ ಹೊಣೆ ಯಾರದು?

ಶಾಲೆಗಳಿಗೆ ರಜೆ ಬಂದೊಡನೆಯೇ ಮಕ್ಕಳ ತಂಡಗಳು ಊರನ್ನು ಬಿಟ್ಟು ಹೊರಡುವುದು ವಾಡಿಕೆಯಾಗಿದೆ. ಬಾಲಚರರು ಬೆಟ್ಟದ ತಪ್ಪಲಿಗೆ ಹೋಗುತ್ತಾರೆ. ವಸತಿ ಶಾಲೆಯ ವಿದ್ಯಾರ್ಥಿಗಳು ಕಡಲ ತೀರಕ್ಕೆ ಹೋಗುತ್ತಾರೆ. ಪಟ್ಟಣದ ಯುವಕ ಸಂಘಗಳು ಮಲೆನಾಡಿನ ಯಾವುದಾದರೊಂದು ಹೊಳೆಯ ದಡದಲ್ಲಿ ಡೇರೆ ಹೊಡೆಯುತ್ತವೆ. ಮಕ್ಕಳ ಜತೆಗೆ ತಂದೆತಾಯಿಗಳೂ ಹೊರಟು, ತಂಡದೊಡನೆ ಒಂದೆರಡು ರಾತ್ರಿಗಳನ್ನು ಬಯಲಿನಲ್ಲಿ ಕಳೆದು ಬರುವ ಕುಟುಂಬ ಶಿಬಿರದ ಪದ್ಧತಿಯೂ ಈಚಿನ ವರ್ಷಗಳಲ್ಲಿ ಪಟ್ಟಣಿಗರಲ್ಲಿ ಬೆಳೆಯುತ್ತಲಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಂತಹ ಬಿಡಾರಗಳಲ್ಲಿ ಪಾಲಿಸಬೇಕಾದ ಸುರಕ್ಷತೆಯ ಹಾಗೂ ನಡತೆಯ ನಿಯಮಗಳ ವಿಷಯದಲ್ಲಿ ನಮ್ಮ ಜನರಲ್ಲಿಯೂ ಅಧಿಕಾರಿಗಳಲ್ಲಿಯೂ ಇರುವ ಉದಾಸೀನತೆಯು ಸಾಮಾನ್ಯವಾದುದಲ್ಲ. ಆ ವಿಷಯವನ್ನು ಇಂದು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ.

ಬಿಡಾರದ ಬಾಳ್ವೆಯಿಂದ ಮಕ್ಕಳಿಗೆ ಆಗುವ ಲಾಭವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1907ನೆಯ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಕೂಡಿಸಿ ನಡೆಸಿದ ಶಿಬಿರದಿಂದ ಬಾಲಚರ ಚಳವಳಿಯು ಹುಟ್ಟಿತು. ಅದು ಹುಟ್ಟಿ ಎರಡೇ ವರ್ಷಗಳಲ್ಲಿ, ಎಂದರೆ 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ಬಾಲಚರ ದಳಗಳಲ್ಲೊಂದು ಏರ್ಪಟ್ಟಿತು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಲವನ್ನು ಕಟ್ಟಿ, ಶಿಬಿರದ ಶಿಸ್ತನ್ನು ದೇಶಸೇವೆಯ ತರಬೇತಿಯನ್ನಾಗಿ ಮಾಡಿದುದನ್ನು ಕನ್ನಡಿಗರು ಬಲ್ಲರು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು 1950ರಲ್ಲಿ ರೂಪುಗೊಂಡ ಮೇಲೆ ಈ ಕಾರ್ಯವು ದೇಶದ ಎಲ್ಲ ಪ್ರಾಂತಗಳಿಗೂ ಹಬ್ಬಿತು. ತನ್ನ ಹಾಸಿಗೆಯನ್ನು ತಾನೇ ಸುತ್ತಿ, ತನ್ನ ತಟ್ಟೆಯನ್ನು ತಾನೇ ತೊಳೆದು, ಬೇರೆ ಜಾತಿಯ ಬೇರೆ ಅಂತಸ್ತಿನ ಹುಡುಗನ ಪಕ್ಕದಲ್ಲಿ ಮಲಗಿ ಎದ್ದು ಬಂದ ಮಗುವು ಪಾಠಶಾಲೆಯಲ್ಲಿ ಸಿಕ್ಕದ ಒಂದು ಪಾಠವನ್ನು ಕಲಿತು ಬರುತ್ತದೆ. ಆದ ಕಾರಣ, ಮಕ್ಕಳನ್ನು ಶಿಬಿರಕ್ಕೆ ಕಳುಹಿಸಬೇಕೇ ಬೇಡವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆಯಲ್ಲ. ಅಲ್ಲಿ ಅವರ ಹೊಣೆಯನ್ನು ಯಾರು ಹೊರುತ್ತಾರೆಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದಿದ್ದಲ್ಲಿ ಆಗುವುದೇನೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 2024ನೆಯ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಶಿಕ್ಷಕರೊಡನೆ ಪ್ರವಾಸಕ್ಕೆ ಬಂದಿದ್ದ 46 ವಿದ್ಯಾರ್ಥಿಗಳ ಪೈಕಿ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ಅದೇ ವರ್ಷದ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ ಮಿತಿಮೀರಿ ಜನರನ್ನು ಹೇರಿದ ದೋಣಿಯು ಮಗುಚಿ ಹನ್ನೆರಡು ಮಂದಿ ಶಾಲಾ ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮಡಿದರು. ಕೇರಳದ ತಟ್ಟೇಕಾಡಿನಲ್ಲಿ 2007ನೆಯ ಫೆಬ್ರವರಿ 20ರಂದು ಹೀಗೆಯೇ ದೋಣಿ ಮುಳುಗಿ ಹದಿನೈದು ಮಕ್ಕಳು ಮತ್ತು ಮೂವರು ಶಿಕ್ಷಕರು ತೀರಿಕೊಂಡಿದ್ದರು. ಮೂರು ಕಡೆಗಳಲ್ಲಿಯೂ ಮಕ್ಕಳ ಜತೆಗೆ ದೊಡ್ಡವರು ಇದ್ದರು. ದೊಡ್ಡವರು ಇದ್ದ ಮಾತ್ರಕ್ಕೆ ಮಕ್ಕಳು ಕ್ಷೇಮವಾಗಿರುತ್ತಾರೆಂಬ ನಂಬಿಕೆಯು ಎಷ್ಟು ಟೊಳ್ಳಾದುದೆಂಬುದನ್ನು ಈ ಮೂರು ದುರಂತಗಳೂ ಸಾರಿ ಹೇಳುತ್ತವೆ.

ಇಂತಹ ಅನಾಹುತವಾದ ಮೇಲೆ ನಮ್ಮಲ್ಲಿ ನಡೆಯುವ ಕ್ರಮವು ಎಲ್ಲರಿಗೂ ಪರಿಚಿತವಾದುದೇ. ಮುರುಡೇಶ್ವರದ ಪ್ರಸಂಗದಲ್ಲಿಯೂ ಅದೇ ನಡೆಯಿತು: ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿಗಳ ಪರಿಹಾರವು ಘೋಷಿತವಾಯಿತು, ಶಿಕ್ಷಕರ ಮೇಲೆ ಮೊಕದ್ದಮೆ ಹೂಡಲಾಯಿತು, ಕಡಲತೀರವನ್ನು ಪ್ರವಾಸಿಗರಿಗೆ ಕೆಲಕಾಲ ಮುಚ್ಚಲಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲನ್ನು ಹಾಕುವ ಈ ರೀತಿಯಿಂದ ಮುಂದಿನ ವರ್ಷದ ಮಗುವಿಗೆ ರಕ್ಷಣೆಯು ದೊರೆಯಲಾರದು. ಅದಕ್ಕೂ ಹೆಚ್ಚಿನ ಕೇಡೊಂದು ಇದರಲ್ಲಡಗಿದೆ. ಅಂಜಿದ ಮುಖ್ಯೋಪಾಧ್ಯಾಯರು ಪ್ರವಾಸವನ್ನೇ ಕೈಬಿಡುತ್ತಾರೆ. ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡಂತಾಗುತ್ತದೆ. ಉಳ್ಳವರ ಮಕ್ಕಳು ತಂದೆಯ ಕಾರಿನಲ್ಲಿ ಕಡಲನ್ನು ಕಂಡು ಬಂದಾರು. ಕೂಲಿಕಾರರ ಮಗಳು ಕಡಲನ್ನು ಕಾಣಬೇಕಾದರೆ ಶಾಲೆಯ ಪ್ರವಾಸವೊಂದೇ ದಾರಿ. ನಿಷೇಧವು ಯಾರ ಪಾಲನ್ನು ಕಸಿಯುತ್ತದೆಂಬುದನ್ನು ಅಧಿಕಾರಿಗಳು ಯೋಚಿಸಬೇಕು. ನಿಷೇಧವು ನಿಯಮವಲ್ಲ, ನಿಯಮವನ್ನು ರಚಿಸಿ ನಡೆಸುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯವದು.

ಕುಟುಂಬ ಶಿಬಿರದಲ್ಲಾದರೋ ತಂದೆತಾಯಿಗಳೇ ಇರುವುದರಿಂದ ಭಯಕ್ಕೆ ಕಾರಣವಿಲ್ಲವೆಂದು ಕೆಲವರು ಹೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಸಂಗತಿಯು ಇದಕ್ಕೆ ವಿರುದ್ಧವಾಗಿದೆ. ಶಿಕ್ಷಕನೊಬ್ಬನೇ ಇದ್ದಲ್ಲಿ ಮಗುವಿನ ಹೊಣೆಯು ತನ್ನದೆಂಬುದನ್ನು ಅವನು ಬಲ್ಲನು. ತಂದೆಯೊಬ್ಬನೇ ತನ್ನ ಮಗನನ್ನು ಕರೆದೊಯ್ದಲ್ಲಿ ಅವನೂ ಬಲ್ಲನು. ಇಬ್ಬರೂ ಕೂಡಿದಲ್ಲಿ ತೊಡಕು ಪ್ರಾರಂಭವಾಗುತ್ತದೆ. ದಳನಾಯಕರು ನೋಡಿಕೊಳ್ಳುತ್ತಾರೆಂದು ತಂದೆಯು ಮರದ ನೆರಳಿನಲ್ಲಿ ಹರಟೆಗೆ ಕುಳಿತುಕೊಳ್ಳುತ್ತಾನೆ. ತಂದೆಯೇ ಬಂದಿರುವಾಗ ನಮಗೇಕೆಂದು ದಳನಾಯಕನು ಅಡಿಗೆಯ ಏರ್ಪಾಟಿಗೆ ಹೋಗುತ್ತಾನೆ. ಅಷ್ಟರಲ್ಲಿ ಎಂಟು ವರ್ಷದ ಹುಡುಗನು ಹೊಳೆಯ ಕಡೆಗೆ ನಡೆದಿರುತ್ತಾನೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಗಾದೆ. ಇಲ್ಲಿ ಜಗಳವಿಲ್ಲದೆಯೇ, ಪರಸ್ಪರ ವಿಶ್ವಾಸದಿಂದಲೇ, ಕೂಸು ಬಡವಾಗುತ್ತದೆ. ಆದ್ದರಿಂದ ಕುಟುಂಬ ಶಿಬಿರದ ಮೊದಲನೆಯ ನಿಯಮವು ಇದಾಗಿರಬೇಕು: ಯಾವ ಗಳಿಗೆಯಲ್ಲಿ ಯಾವ ಮಗುವು ಯಾರ ವಶದಲ್ಲಿದೆ ಎಂಬುದು ಹೆಸರು ಹಿಡಿದು ಬರೆದಿರತಕ್ಕದ್ದು.

ಇದು ನಮ್ಮ ಕಲ್ಪನೆಯ ಮಾತಲ್ಲ. ಕುಟುಂಬ ಶಿಬಿರಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿರುವ ಅಮೆರಿಕದ ಬಾಲಚರ ಸಂಸ್ಥೆಯು ಈ ವಿಷಯದಲ್ಲಿ ಮಾಡಿಕೊಂಡಿರುವ ಕಟ್ಟಳೆಗಳು ನೋಡತಕ್ಕವಾಗಿವೆ. 1910ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು 2025ನೆಯ ಫೆಬ್ರವರಿಯಿಂದ ಸ್ಕೌಟಿಂಗ್ ಅಮೆರಿಕ ಎಂಬ ಹೆಸರಿನಿಂದ ನಡೆಯುತ್ತಲಿದೆ. ಅಲ್ಲಿಯ ಕಟ್ಟಳೆಯಂತೆ ಯಾವ ಕಾರ್ಯಕ್ರಮದಲ್ಲಿಯಾದರೂ 21 ವರ್ಷ ತುಂಬಿದ, ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ ಇಬ್ಬರು ಹಿರಿಯರು ಇರಲೇಬೇಕು. ಹುಡುಗಿಯರಿದ್ದಲ್ಲಿ ಅಂತಹ ಮಹಿಳೆಯೊಬ್ಬಳು ಇರಬೇಕು. ಹಿರಿಯನೊಬ್ಬನು ತನ್ನದಲ್ಲದ ಮಗುವಿನೊಡನೆ ಏಕಾಂತದಲ್ಲಿ ಇರಕೂಡದು. ಕಿರಿಯ ಮಕ್ಕಳ ದಳದಲ್ಲಿ ತಂದೆತಾಯಿಗಳು ತಮ್ಮ ಮಗುವಿನೊಡನೆ ಒಂದೇ ಡೇರೆಯಲ್ಲಿ ಮಲಗಬಹುದು. ಪರರ ಮಗುವಿನೊಡನೆ ಮಲಗುವಂತಿಲ್ಲ. ಒಂದು ಡೇರೆಯನ್ನು ಹಂಚಿಕೊಳ್ಳುವ ಮಕ್ಕಳ ವಯಸ್ಸಿನ ಅಂತರವು ಎರಡು ವರ್ಷಗಳನ್ನು ಮೀರಬಾರದು. ಕಿರಿಯರ ಶಿಬಿರದಲ್ಲಿ ಬಯಲು ಬಿಡಾರದ ತರಬೇತಿಯನ್ನು ಪಡೆದವನೊಬ್ಬನಾದರೂ ಇರಬೇಕು. ಪ್ರತಿಯೊಬ್ಬನ ಆರೋಗ್ಯದ ವಿವರವೂ ಬರವಣಿಗೆಯಲ್ಲಿ ಶಿಬಿರದಲ್ಲಿರಬೇಕು. ಡೇರೆಯೊಳಗೆ ದೀಪವನ್ನಾಗಲಿ ಒಲೆಯನ್ನಾಗಲಿ ಹೊತ್ತಿಸಕೂಡದು. ಮದ್ಯವು ಯಾರಿಗೂ ಸಲ್ಲದು.

ಈ ಕಟ್ಟಳೆಗಳನ್ನು ಓದಿ, ಇಷ್ಟೊಂದು ಸಂಶಯವೇ ಎಂದು ನಮ್ಮ ಸಭ್ಯ ಗೃಹಸ್ಥರು ಮೂಗು ಮುರಿಯಬಹುದು. ಅವು ಹೇಗೆ ಬಂದುವೆಂಬ ಇತಿಹಾಸವನ್ನು ಅವರು ತಿಳಿಯುವುದು ಒಳ್ಳೆಯದು. ಮಕ್ಕಳಿಗೆ ಕೇಡು ಬಗೆದ ಕಾರ್ಯಕರ್ತರ ಕಡತಗಳನ್ನು ಆ ಸಂಸ್ಥೆಯು ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. ಸಂಸ್ಥೆಯ ಮರ್ಯಾದೆಯನ್ನು ಕಾಯುವ ಹೆಸರಿನಲ್ಲಿ ಎಷ್ಟೋ ಪ್ರಕರಣಗಳು ಪೋಲೀಸರ ವರೆಗೆ ಹೋಗಲೇ ಇಲ್ಲ. ಆರೆಗಾನ್ ಪ್ರಾಂತದ ನ್ಯಾಯಾಲಯದ ಆಜ್ಞೆಯ ಮೇರೆಗೆ 2012ನೆಯ ಅಕ್ಟೋಬರಿನಲ್ಲಿ ಸಾವಿರಕ್ಕೂ ಮಿಕ್ಕಿದ ಕಡತಗಳು ಬಯಲಿಗೆ ಬಂದುವು. ದಾವೆಗಳ ಭಾರವನ್ನು ತಾಳಲಾರದೆ 2020ನೆಯ ಫೆಬ್ರವರಿಯಲ್ಲಿ ಸಂಸ್ಥೆಯು ದಿವಾಳಿ ಅರ್ಜಿಯನ್ನು ಸಲ್ಲಿಸಬೇಕಾಯಿತು. ಬಾಲ್ಯದಲ್ಲಿ ತಮಗೆ ಅನ್ಯಾಯವಾಯಿತೆಂದು ಮುಂದೆ ಬಂದವರ ಸಂಖ್ಯೆಯು 82 ಸಾವಿರವನ್ನು ಮೀರಿತು. ಅವರ ಪರಿಹಾರಕ್ಕಾಗಿ 246 ಕೋಟಿ ಡಾಲರುಗಳ ನಿಧಿಯು ಏರ್ಪಟ್ಟಿತು. ಮರ್ಯಾದೆಯನ್ನು ಉಳಿಸಿಕೊಳ್ಳಲು ಮುಚ್ಚಿಟ್ಟವರು ಮರ್ಯಾದೆ, ಹಣ ಎರಡನ್ನೂ ಕಳೆದುಕೊಂಡರು; ಮಕ್ಕಳು ಕಳೆದುಕೊಂಡುದಕ್ಕೆ ಮಾತ್ರ ಲೆಕ್ಕವೇ ಇಲ್ಲ. ಇಂದಿನ ಕಟ್ಟಳೆಗಳ ಹಿಂದೆ ಅವರ ಕಣ್ಣೀರಿದೆ.

ನಮ್ಮಲ್ಲಿ ಇಂತಹುದಿಲ್ಲವೆಂದು ಎದೆತಟ್ಟಿ ಹೇಳುವಂತಿಲ್ಲ. 2024ನೆಯ ಆಗಸ್ಟಿನಲ್ಲಿ ನಮ್ಮ ಗಡಿಗೆ ಹೊಂದಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್.ಸಿ.ಸಿ.ಯ ಹೆಸರಿನಿಂದ ಶಿಬಿರವು ನಡೆಯಿತು. ಅದನ್ನು ನಡೆಸಿದವರಿಗೂ ಎನ್.ಸಿ.ಸಿ.ಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ಬಾಲಕಿಯರ ಮೇಲೆ ಅತ್ಯಾಚಾರವಾದ ಸಂಗತಿಯು ಹೊರಬಿದ್ದ ಮೇಲೆಯೇ ಗೊತ್ತಾದುದು. ವಿಷಯವನ್ನು ಮುಚ್ಚಿಡಲೆತ್ನಿಸಿದ ಆರೋಪದ ಮೇಲೆ ಶಾಲೆಯ ಮುಖ್ಯಸ್ಥರನ್ನೂ ಬಂಧಿಸಲಾಯಿತು. ಖಾಕಿಯ ಅಂಗಿಯನ್ನೂ ಒಂದು ಸೀಟಿಯನ್ನೂ ಕಂಡೊಡನೆ ಮಕ್ಕಳನ್ನು ಒಪ್ಪಿಸಿಬಿಡುವ ನಮ್ಮ ಸ್ವಭಾವವು ಇಲ್ಲಿ ಕೇಡಿಗೆ ದಾರಿಯಾಯಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ಶಿಬಿರವನ್ನು ನಡೆಸುವವರು ಯಾರು, ಯಾವ ಸಂಸ್ಥೆಯವರು, ಆ ಸಂಸ್ಥೆಯ ಕಚೇರಿಯು ಇವರನ್ನು ತನ್ನವರೆಂದು ಒಪ್ಪುತ್ತದೆಯೇ ಎಂಬುದನ್ನು ವಿಚಾರಿಸಲು ಒಂದು ಕಾಗದ ಅಥವಾ ಒಂದು ದೂರವಾಣಿಯ ಕರೆ ಸಾಕು.

ಕಾನೂನಂತೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮಿನಂತೆ, ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ ಆರು ತಿಂಗಳ ವರೆಗೂ, ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟಲ್ಲಿ ಅವನಿಗೆ ಒಂದು ವರ್ಷದ ವರೆಗೂ ಸೆರೆವಾಸವಾಗಬಹುದು. ಇದನ್ನು ಶಿಬಿರದ ಮೊದಲ ದಿನವೇ ಹಿರಿಯರಿಗೆಲ್ಲ ಓದಿ ಹೇಳಬೇಕು. ಮಕ್ಕಳಿಗೂ, ಯಾರಾದರೂ ಅನುಚಿತವಾಗಿ ನಡೆದುಕೊಂಡರೆ ಅಂಜದೆ ಹೇಳಬೇಕೆಂದೂ, ಹೇಳಿದವರನ್ನು ಯಾರೂ ಗದರಿಸಲಾರರೆಂದೂ, 1098 ಎಂಬ ಸಹಾಯವಾಣಿಗೆ ತಾವೇ ಕರೆ ಮಾಡಬಹುದೆಂದೂ ತಿಳಿಸಿರಬೇಕು. ಇಬ್ಬರು ಹಿರಿಯರಿರಬೇಕೆಂಬ ನಿಯಮವು ಸಜ್ಜನರಿಗೆ ಅವಮಾನವೆಂದು ಭಾವಿಸುವುದು ತಪ್ಪು. ಖಜಾನೆಗೆ ಎರಡು ಬೀಗದ ಕೈಗಳನ್ನಿಟ್ಟು ಇಬ್ಬರು ಅಧಿಕಾರಿಗಳಿಗೆ ಕೊಡುವ ಪದ್ಧತಿಯಿಂದ ಯಾವ ಖಜಾನೆಯ ಅಧಿಕಾರಿಯೂ ಅವಮಾನಿತನಾದುದನ್ನು ಕೇಳಿಲ್ಲ. ಅದು ಕಳ್ಳನನ್ನು ತಡೆಯುತ್ತದೆ. ಪ್ರಾಮಾಣಿಕನನ್ನು ಅಪವಾದದಿಂದ ಕಾಪಾಡುತ್ತದೆ.

ನೀರಿನ ವಿಷಯಕ್ಕೆ ಬರೋಣ. ಮೇಲೆ ಹೇಳಿದ ನಮ್ಮ ದೇಶದ ಮೂರು ದುರಂತಗಳೂ ನೀರಿನಲ್ಲಾದುವು. ಅಮೆರಿಕದ ಬಾಲಚರರು ಈಜುವ ಮುನ್ನ ಎಂಟು ಅಂಶಗಳನ್ನು ನೋಡಿಕೊಳ್ಳುತ್ತಾರೆ: ಅರ್ಹನಾದ ಮೇಲ್ವಿಚಾರಕ, ಆರೋಗ್ಯದ ವಿಚಾರಣೆ, ಪರೀಕ್ಷಿಸಿದ ಸ್ಥಳ, ರಕ್ಷಕರು, ಎತ್ತರದಿಂದ ನೋಡುತ್ತಿರುವ ಕಾವಲುಗಾರ, ಈಜಿನ ಶಕ್ತಿಗೆ ತಕ್ಕ ಗುಂಪು, ಜೋಡಿ, ಹಾಗೂ ಶಿಸ್ತು. ಈಜು ಬಾರದವರಿಗೆ ಮೂರೂವರೆ ಅಡಿಗಿಂತ ಆಳವಾದ ನೀರು ನಿಷಿದ್ಧ. ಹತ್ತು ಮಂದಿಗೆ ಒಬ್ಬ ರಕ್ಷಕನಿರಬೇಕು, ಮತ್ತು ರಕ್ಷಕರು ಎಂದಿಗೂ ಇಬ್ಬರಿಗಿಂತ ಕಡಮೆಯಾಗಿರಬಾರದು. ಪ್ರತಿಯೊಂದು ಮಗುವಿಗೂ ಒಂದು ಜೋಡಿಯಿರುತ್ತದೆ. ಹತ್ತು ಹತ್ತು ನಿಮಿಷಕ್ಕೆ ಸೀಟಿಯೂದಿದೊಡನೆ ಜೋಡಿಗಳು ಕೈಹಿಡಿದು ಮೇಲೆತ್ತಬೇಕು, ಲೆಕ್ಕವು ಸರಿಹೋಗಬೇಕು. ಇದಕ್ಕೆ ಯಂತ್ರೋಪಕರಣಗಳೇನೂ ಬೇಕಾಗಿಲ್ಲ. ಒಂದು ಹಗ್ಗ, ಒಂದು ಸೀಟಿ, ಒಂದು ಪಟ್ಟಿ ಮತ್ತು ಕೈಯಲ್ಲಿ ಮೊಬೈಲನ್ನು ಹಿಡಿಯದ ಇಬ್ಬರು ಈಜುಗಾರರಿದ್ದರೆ ಸಾಕು. ಇವರನ್ನು ಒದಗಿಸಲಾಗದ ಶಿಬಿರವು ನೀರಿಗಿಳಿಯದೆ ದಡದಲ್ಲಿಯೇ ಉಳಿಯತಕ್ಕದ್ದು. ಕಾವಲಿಗೆ ನಿಂತ ತಂದೆಯು ತನ್ನ ಮಗನನ್ನು ಮಾತ್ರ ನೋಡುತ್ತ ನಿಲ್ಲಬಾರದೆಂಬುದನ್ನೂ ಇಲ್ಲಿ ಹೇಳಬೇಕು. ಕಾವಲಿನ ವೇಳೆಯಲ್ಲಿ ಅವನು ಹತ್ತೂ ಮಕ್ಕಳ ತಂದೆ.

ನೀರಿಗಿಳಿಯದಿದ್ದರೂ ನೀರು ತಾನಾಗಿ ಬರಬಹುದು. 2014ನೆಯ ಜೂನ್ 8ರಂದು ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳೂ ಅವರ ಪ್ರವಾಸದ ಮೇಲ್ವಿಚಾರಕನೊಬ್ಬನೂ ಹಿಮಾಚಲದ ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಮೇಲ್ಗಡೆಯ ಲಾರ್ಜಿ ಅಣೆಕಟ್ಟಿನಿಂದ ನೀರನ್ನು ಬಿಟ್ಟುದು ಅವರಿಗೆ ತಿಳಿಯಲಿಲ್ಲ. ಅಲ್ಲಿಯ ಉಚ್ಚ ನ್ಯಾಯಾಲಯವು ಪರಿಹಾರದ ಹೊಣೆಯನ್ನು ವಿದ್ಯುಚ್ಛಕ್ತಿ ಮಂಡಲಿ, ಕಾಲೇಜು ಮತ್ತು ಸರಕಾರ ಈ ಮೂವರಿಗೂ ಹಂಚಿತೆಂಬುದು ಗಮನಾರ್ಹವಾಗಿದೆ. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ 2025ನೆಯ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿಯು ಉಕ್ಕಿ, ಬಾಲಕಿಯರ ಶಿಬಿರವೊಂದರ 27 ಮಂದಿ ಬಾಲಕಿಯರೂ ಕಾರ್ಯಕರ್ತೆಯರೂ ನೀರುಪಾಲಾದರು. ನೆರೆ ಬರುವ ತಗ್ಗಿನಲ್ಲಿ ಶಿಬಿರದ ಕೊಠಡಿಗಳಿರಕೂಡದೆಂದು ಆ ಪ್ರಾಂತವು ಅದೇ ಸೆಪ್ಟೆಂಬರಿನಲ್ಲಿ ಕಾನೂನು ಮಾಡಿತು. ಹೊಳೆಯ ಮರಳದಂಡೆಯು ಡೇರೆಗೆ ಎಷ್ಟು ಅಂದವಾಗಿ ಕಂಡರೂ ಅದು ಹೊಳೆಯದೇ ಸೊತ್ತು. ಮೇಲ್ಗಡೆಯಲ್ಲಿ ಅಣೆಕಟ್ಟಿದೆಯೇ, ಮಳೆಯ ಮುನ್ಸೂಚನೆಯೇನು, ರಾತ್ರಿಯಲ್ಲಿ ಓಡಬೇಕಾದರೆ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ಗೂಟವನ್ನು ನೆಡಬಾರದು.

ಕರ್ನಾಟಕದ ಬಿಡಾರಗಳಿಗೆ ವಿಶೇಷವಾದ ಅಪಾಯಗಳೂ ಇವೆ. ಅವುಗಳಿಗೆ ಪರದೇಶದ ಪುಸ್ತಕದಲ್ಲಿ ಉತ್ತರ ದೊರೆಯದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡುಬಂದ ಮಂಗನ ಕಾಯಿಲೆಯು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ವರೆಗೆ ಅದರ ಕಾಲ, ನಮ್ಮ ಮಕ್ಕಳ ಪ್ರವಾಸದ ಕಾಲವೂ ಅದೇ. ಮಲೆನಾಡಿನಲ್ಲಿ ಎಲ್ಲಿಯಾದರೂ ಬಿಡಾರ ಹೂಡುವ ಮೊದಲು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸುವುದೂ, ಸತ್ತ ಮಂಗವು ಕಂಡಲ್ಲಿಂದ ದೂರ ಸರಿದು ವರದಿ ಮಾಡುವುದೂ, ತರಗೆಲೆಗಳ ಮೇಲೆ ಮಕ್ಕಳನ್ನು ಕೂರಿಸದಿರುವುದೂ, ಮೈತುಂಬ ಬಟ್ಟೆ ತೊಡಿಸಿ ಸಂಜೆ ಮೈಯನ್ನು ಪರೀಕ್ಷಿಸುವುದೂ ಅವಶ್ಯ. ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಕಚ್ಚಿದುದು ಎಷ್ಟೋ ವೇಳೆ ನೋವಿಲ್ಲದೆ ತಿಳಿಯದೆಯೇ ಹೋಗುತ್ತದೆ. ಆದ್ದರಿಂದ ತಳವಿರುವ, ಬಿಗಿಯಾಗಿ ಮುಚ್ಚುವ ಡೇರೆಯೋ ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆಯೋ ಇಲ್ಲದೆ ಮಕ್ಕಳನ್ನು ನೆಲದ ಮೇಲೆ ಮಲಗಿಸಕೂಡದು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲವೂ ಕೇಡು. ಕಚ್ಚಿದ ಅಂಗವನ್ನು ಅಲುಗಿಸದೆ, ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಒಯ್ಯುವುದೊಂದೇ ಉಪಾಯ. ಆ ಆಸ್ಪತ್ರೆ ಯಾವುದು, ಎಷ್ಟು ಮೈಲಿ, ರಾತ್ರಿ ವಾಹನವನ್ನು ನಡೆಸುವವರು ಯಾರು ಎಂಬುದು ಹೊರಡುವ ಮುನ್ನವೇ ಪಟ್ಟಿಯಲ್ಲಿರಲಿ. ಬೇಸಗೆಯ ಕೊನೆಯ ಸಿಡಿಲುಮಳೆಯಲ್ಲಿ ಒಂಟಿ ಮರದ ಕೆಳಗೆ ನಿಲ್ಲಬಾರದೆಂಬುದನ್ನೂ, ಕಾಡಿನಂಚಿನಲ್ಲಿ ಬೆಂಕಿಯನ್ನು ಬಿಟ್ಟು ಮಲಗಬಾರದೆಂಬುದನ್ನೂ ಹಳ್ಳಿಯ ಮಕ್ಕಳು ಬಲ್ಲರು. ಪಟ್ಟಣದ ತಂದೆಗಳಿಗೆ ಅದನ್ನು ಕಲಿಸಬೇಕಾಗಿದೆ.

ನಡತೆಯ ನಿಯಮಗಳೆಂದೊಡನೆ ಮಕ್ಕಳ ನಡತೆಯೆಂದೇ ಎಲ್ಲರೂ ತಿಳಿಯುತ್ತಾರೆ. ಕುಟುಂಬ ಶಿಬಿರದಲ್ಲಿ ಹಿರಿಯರ ನಡತೆಯೇ ಹೆಚ್ಚು ಕಷ್ಟದ ವಿಷಯ. ವಿನೋದಕ್ಕೆಂದು ಬಂದೆವೆಂಬ ಭಾವನೆಯಿಂದ ರಾತ್ರಿ ಮಕ್ಕಳು ಮಲಗಿದ ಮೇಲೆ ಸೀಸೆಗಳು ಹೊರಬೀಳುವುದೂ, ಬೆಳಗಾಗುವ ವರೆಗೆ ಧ್ವನಿವರ್ಧಕದ ಗದ್ದಲವೂ ಇಂದು ಎಷ್ಟೋ ಬಿಡಾರದ ಸ್ಥಳಗಳಲ್ಲಿ ಸಾಮಾನ್ಯವಾಗಿದೆ. ನಡುರಾತ್ರಿಯಲ್ಲಿ ಮಗುವೊಂದಕ್ಕೆ ಜ್ವರ ಬಂದರೆ ವಾಹನವನ್ನು ನಡೆಸಬೇಕಾದ ತಂದೆಯು ಆ ಸ್ಥಿತಿಯಲ್ಲಿರಬಾರದು. ಮಕ್ಕಳು ಇರುವ ಶಿಬಿರದಲ್ಲಿ ಒಂದು ತೊಟ್ಟು ಮದ್ಯವೂ ಇರಕೂಡದೆಂಬ ನಿಯಮಕ್ಕೆ ಅಪವಾದವೇ ಇಲ್ಲ. ಪರರ ಮಗುವನ್ನು ಹೊಡೆಯುವುದು, ಬಯ್ಯುವುದು, ಸ್ನಾನ ಮಾಡುವಲ್ಲಿ ಬಟ್ಟೆ ಬದಲಿಸುವಲ್ಲಿ ಚಿತ್ರ ತೆಗೆಯುವುದು ಇವೂ ನಿಷಿದ್ಧವಾಗಿರಬೇಕು. ತನ್ನ ಮಗನಿಗೆ ಮಾತ್ರ ನಿಯಮವನ್ನು ಸಡಿಲಿಸಬೇಕೆಂದು ದಳನಾಯಕನೊಡನೆ ವಾದಿಸುವ ತಂದೆಯು, ಎಷ್ಟೇ ದೊಡ್ಡ ಅಧಿಕಾರಿಯಾಗಿರಲಿ, ಶಿಬಿರದ ಶಿಸ್ತನ್ನು ಕೆಡಿಸುತ್ತಾನೆ. ಕಚೇರಿಯ ಪದವಿಯನ್ನು ಬಿಡಾರದ ಬಾಗಿಲಲ್ಲಿ ಬಿಟ್ಟು ಬರುವುದನ್ನು ಮೊದಲು ಕಲಿಯಬೇಕು.

ಮಕ್ಕಳ ವಿಷಯದಲ್ಲಿ ನಾವು ಹೇಳಬೇಕಾದುದು ಸ್ವಲ್ಪ. ನಿಯಮದ ಕಾರಣವನ್ನು ತಿಳಿಸಿದರೆ ಅವರು ಹಿರಿಯರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಜೋಡಿಯಿಲ್ಲದೆ ಗಡಿಯನ್ನು ದಾಟಬಾರದು, ಕತ್ತಲಾದ ಮೇಲೆ ಡೇರೆಯನ್ನು ಬಿಡುವಾಗ ಹೇಳಿ ಹೋಗಬೇಕು, ದಾರಿ ತಪ್ಪಿದರೆ ಅಲೆಯದೆ ಇದ್ದಲ್ಲಿಯೇ ನಿಂತು ಸೀಟಿಯೂದಬೇಕು, ಚಿಕ್ಕವರನ್ನು ಹಿಂಸಿಸಬಾರದು ಎಂಬ ನಾಲ್ಕು ಮಾತುಗಳು ಎಂಟು ವರ್ಷದವನಿಗೂ ಅರ್ಥವಾಗುತ್ತವೆ. 2008ನೆಯ ಜೂನ್ 11ರಂದು ಅಮೆರಿಕದ ಅಯೋವಾ ಪ್ರಾಂತದ ಬಾಲಚರ ಶಿಬಿರವೊಂದರ ಮೇಲೆ ಸುಂಟರಗಾಳಿಯು ಎರಗಿ ನಾಲ್ವರು ಹುಡುಗರು ಸತ್ತರು, ಹಲವರು ಗಾಯಗೊಂಡರು. ಹೊರಗಿನ ಸಹಾಯವು ತಲುಪುವ ಮೊದಲೇ ಹುಡುಗರೇ ಅವಶೇಷಗಳನ್ನು ಸರಿಸಿ ಗೆಳೆಯರನ್ನು ಹೊರತೆಗೆದು ಪ್ರಥಮ ಚಿಕಿತ್ಸೆಯನ್ನು ಮಾಡಿದರು. ಕಲಿಸಿದುದು ಆಪತ್ತಿನಲ್ಲಿ ಕೈಗೆ ಬಂತು. ಸಿದ್ಧನಾಗಿರು ಎಂಬ ಬಾಲಚರರ ಧ್ಯೇಯವಾಕ್ಯಕ್ಕೆ ಇದಕ್ಕಿಂತ ಬೇರೆ ಭಾಷ್ಯವು ಬೇಕಾಗಿಲ್ಲ.

ಇಷ್ಟು ನಿಯಮಗಳಿದ್ದರೆ ಆನಂದವೆಲ್ಲಿ ಉಳಿಯಿತು, ಖರ್ಚನ್ನು ಯಾರು ಕೊಡಬೇಕು, ಸ್ವಯಂಸೇವಕರು ಮುಂದೆ ಬಂದಾರೇ ಎಂಬ ಆಕ್ಷೇಪಣೆಗಳುಂಟು. ಇವುಗಳಲ್ಲಿ ಕೊನೆಯದು ಮಾತ್ರ ವಿಚಾರಾರ್ಹವಾದುದು. ಅಪಘಾತವಾದೊಡನೆ ಶಿಕ್ಷಕನನ್ನು ಸೆರೆಗೆ ಕಳುಹಿಸುವುದೊಂದೇ ನೀತಿಯಾದರೆ ಯಾವ ವಿವೇಕಿಯೂ ಮಕ್ಕಳನ್ನು ಕರೆದೊಯ್ಯಲು ಒಪ್ಪನು. ಆದರೆ ಅದಕ್ಕೆ ಪರಿಹಾರವೂ ನಿಯಮದಲ್ಲಿಯೇ ಇದೆ. ಮಾಡತಕ್ಕುದೇನೆಂದು ಮೊದಲೇ ಬರೆದಿಟ್ಟು, ಅದನ್ನು ಮಾಡಿದವನಿಗೆ ರಕ್ಷಣೆಯನ್ನೂ ಮಾಡದವನಿಗೆ ದಂಡನೆಯನ್ನೂ ಗೊತ್ತುಪಡಿಸಿದಲ್ಲಿ ಪ್ರಾಮಾಣಿಕನು ಹೆದರಬೇಕಾಗಿಲ್ಲ. ಬರಿಯ ಗಾತ್ರವೂ ಹೆಸರೂ ಶಿಬಿರವನ್ನು ಕಾಯಲಾರವೆಂಬುದಕ್ಕೆ 2023ನೆಯ ಆಗಸ್ಟಿನಲ್ಲಿ ದಕ್ಷಿಣ ಕೊರಿಯದಲ್ಲಿ ನಡೆದ ಜಾಗತಿಕ ಬಾಲಚರ ಜಾಂಬೂರಿಯೇ ಸಾಕ್ಷಿ. 43 ಸಾವಿರದಷ್ಟು ಮಂದಿ ಕೂಡಿದ್ದ ಆ ಬಯಲಿನಲ್ಲಿ ನೆರಳೂ ನೈರ್ಮಲ್ಯವೂ ಸಾಲದೆ ನೂರಾರು ಮಕ್ಕಳು ಬಿಸಿಲಿನ ಬೇಗೆಗೆ ಸಿಕ್ಕಿ ಅಸ್ವಸ್ಥರಾದರು; ಬ್ರಿಟನ್ ಮತ್ತು ಅಮೆರಿಕದ ತಂಡಗಳು ಮುಂಚಿತವಾಗಿಯೇ ಜಾಗ ಬಿಟ್ಟುವು; ಕೊನೆಗೆ ಚಂಡಮಾರುತದ ಭಯದಿಂದ ಇಡೀ ಬಿಡಾರವನ್ನೇ ಖಾಲಿ ಮಾಡಬೇಕಾಯಿತು.

ಸರಕಾರವು ಮಾಡಬೇಕಾದುದೇನು? ಈ ವಿಷಯದಲ್ಲಿ ಬ್ರಿಟನ್ನಿನ ದೃಷ್ಟಾಂತವು ಉಪಯುಕ್ತವಾಗಿದೆ. 1993ನೆಯ ಮಾರ್ಚ್ 22ರಂದು ಅಲ್ಲಿಯ ಲೈಮ್ ಕೊಲ್ಲಿಯಲ್ಲಿ ಖಾಸಗಿ ಸಾಹಸ ಕೇಂದ್ರವೊಂದರ ಮೂಲಕ ದೋಣಿವಿಹಾರಕ್ಕೆ ಹೋದ ನಾಲ್ವರು ಶಾಲಾ ವಿದ್ಯಾರ್ಥಿಗಳು ಮೃತರಾದರು. ಕೇಂದ್ರದ ಸುರಕ್ಷತೆಯು ಸಾಲದೆಂದು ಅಲ್ಲಿಯ ಇಬ್ಬರು ಮಾಜಿ ಶಿಕ್ಷಕರು ಮೊದಲೇ ಬರೆದು ಎಚ್ಚರಿಸಿದ್ದರು. ನ್ಯಾಯಾಲಯವು ನೀರಿನಲ್ಲಿದ್ದ ಶಿಕ್ಷಕರನ್ನು ಬಿಟ್ಟು, ಎಚ್ಚರಿಕೆಯನ್ನು ಅಲಕ್ಷಿಸಿದ ಕಂಪನಿಯನ್ನೂ ಅದರ ನಿರ್ದೇಶಕನನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. ಎರಡೇ ವರ್ಷಗಳಲ್ಲಿ, 1995ರಲ್ಲಿ, ಅಂತಹ ಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾಯಿದೆಯು ಬಂದಿತು. ದಂಡನೆಯು ಕೆಳಗಿನ ನೌಕರನಲ್ಲಿಯೇ ನಿಲ್ಲದೆ ಮೇಲಕ್ಕೆ ಏರಿತು. ದುಃಖವು ಕಾನೂನಾಗಿ ಪರಿಣಮಿಸಿತು.

ನಮ್ಮ ಸರಕಾರದವರು ಅದೇ ದಾರಿಯನ್ನು ಹಿಡಿಯಲೆಂದು ಸೂಚಿಸುತ್ತೇವೆ. ಶಿಕ್ಷಣ, ಅರಣ್ಯ, ಪ್ರವಾಸೋದ್ಯಮ, ಪೋಲೀಸು, ಆರೋಗ್ಯ ಈ ಐದು ಇಲಾಖೆಗಳವರು ಬೇರೆ ಬೇರೆ ಸುತ್ತೋಲೆಗಳನ್ನು ಹೊರಡಿಸುವ ಬದಲು, ಮಕ್ಕಳ ಬಿಡಾರಗಳಿಗೆಲ್ಲ ಅನ್ವಯಿಸುವ ಒಂದೇ ನಿಯಮಾವಳಿಯನ್ನು, ಎರಡು ಪುಟಗಳನ್ನು ಮೀರದಂತೆ, ತಿಳಿಗನ್ನಡದಲ್ಲಿ ಪ್ರಕಟಿಸಲಿ. ಹಣ ಪಡೆದು ಡೇರೆ ಕೊಡುವ ಪ್ರತಿಯೊಬ್ಬನೂ ಪರವಾನಗಿಯನ್ನು ಪಡೆಯಲಿ. ಮಕ್ಕಳ ತಂಡಗಳು ಹೆಚ್ಚಾಗಿ ಬರುವ ಕಡಲತೀರಗಳಲ್ಲಿಯೂ ಜಲಪಾತಗಳಲ್ಲಿಯೂ ರಜೆಯ ದಿನಗಳಲ್ಲಿ ಜೀವರಕ್ಷಕರು ಇರಲಿ. ಶಿಬಿರವು ಹೊರಡುವ ಮುನ್ನ ಹೊಣೆಪಟ್ಟಿಯ ಒಂದು ಪ್ರತಿಯು ಸ್ಥಳದ ಪೋಲೀಸು ಠಾಣೆಯಲ್ಲಿರಲಿ.

ಆದರೆ ಸರಕಾರದ ನಿಯಮವು ಬರುವ ತನಕ ತಂದೆತಾಯಿಗಳು ಕಾದು ಕೂರಬೇಕಾದುದಿಲ್ಲ. ಮುಂದಿನ ಸಲ ಮಕ್ಕಳ ದಳದೊಡನೆ ಹೊರಡುವಾಗ ಒಂದು ಹಾಳೆಯ ಮೇಲೆ ಮಕ್ಕಳ ಹೆಸರುಗಳನ್ನೂ, ಎದುರಿಗೆ ಬೆಳಗು, ಮಧ್ಯಾಹ್ನ, ಸಂಜೆ, ರಾತ್ರಿಗಳಿಗೆ ಹೊಣೆಗಾರರಾದ ಹಿರಿಯರ ಹೆಸರುಗಳನ್ನೂ ಬರೆಯಲಿ. ಸರದಿಯು ಬದಲಾಗುವಾಗ, ಇನ್ನು ನಿಮ್ಮ ವಶ ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಲಿ, ವಹಿಸಿಕೊಂಡವರು ತಲೆಗಳನ್ನು ಎಣಿಸಿ ಒಪ್ಪಿಕೊಳ್ಳಲಿ. ಇದಕ್ಕೆ ತಗಲುವುದು ಅರ್ಧ ಗಂಟೆಯ ಕೆಲಸ. ಮುಳಬಾಗಿಲಿನ ನಾಲ್ಕು ಮನೆಗಳಲ್ಲಿ ಆದ ನಷ್ಟವನ್ನು ನೆನೆದರೆ ಆ ಅರ್ಧ ಗಂಟೆಯನ್ನು ಹೆಚ್ಚೆನ್ನುವವರು ಯಾರೂ ಇರಲಾರರು. ನಮ್ಮ ಮಕ್ಕಳು ಕಡಲನ್ನೂ ಕಾಡನ್ನೂ ಬೆಟ್ಟವನ್ನೂ ನೋಡಲಿ. ನೋಡಿ ಕ್ಷೇಮವಾಗಿ ಮನೆಗೆ ಹಿಂದಿರುಗಲಿ. ಅದರ ಏರ್ಪಾಟನ್ನು ಮಾಡುವುದು ಹಿರಿಯರಾದ ನಮ್ಮೆಲ್ಲರ ಮೇಲೆ ಬಿದ್ದಿರುವ ಕರ್ತವ್ಯವಾಗಿದೆ.